ಒಂದೇ ಸದ್ದು

ಆ ದೊಡ್ಡ ಅಂಗಡಿಯ ಕೌಂಟರುಗಳಲ್ಲಿದ್ದ ಬಾರ್‌ಕೋಡ್ ಸ್ಕ್ಯಾನರುಗಳು ಒಂದೊಂದೂ ಒಂದೊಂದು ಕಾಲದ್ದು, ಒಂದೊಂದು ಕಂಪನಿಯದ್ದು. ಒಂದಕ್ಕೆ ತಾನೇ ಕೀಬೋರ್ಡ್ ಎಂಬ ಭ್ರಮೆ, ಓದಿದ ಅಂಕಿಗಳನ್ನು ಟೈಪ್ ಮಾಡಿದಂತೆ ಉದುರಿಸುತ್ತಿತ್ತು. ಇನ್ನೊಂದು ಕೊನೆಯ ಅಂಕಿಯನ್ನು ನುಂಗಿ ನೀರು ಕುಡಿಯುತ್ತಿತ್ತು. ಇವನ್ನೆಲ್ಲ ಒಂದು ದಾರಿಗೆ ತರುವ ಸಾಫ್ಟ್‌ವೇರ್ ಬರೆಯುವ ಕೆಲಸ ತಮ್ಮನಿಗೆ ಸಿಕ್ಕಿತು. ಕೊಡಿಸಿದವಳು ಅಲ್ಲೇ ಕೌಂಟರಿನಲ್ಲಿ ಕೂರುತ್ತಿದ್ದ ಅಕ್ಕ.

ತಮ್ಮ ಹಟಕ್ಕೆ ಬಿದ್ದು ಮಾಡಿದ. ಯಾವ ಸ್ಕ್ಯಾನರ್ ಹೇಗೇ ಉಲಿಯಲಿ, ಬಿಲ್ಲಿನಲ್ಲಿ ಸರಿಯಾಗಿ ಬರುವಂತಾಯಿತು. ಅಷ್ಟಕ್ಕೆ ಕೈ ಸುಮ್ಮನಿರಬೇಕಲ್ಲ! ಕೀರಲು, ಗೊಗ್ಗರು ದನಿಯಲ್ಲಿ ಅರಚುವ ಸ್ಕ್ಯಾನರುಗಳ ಬಾಯಿ ಮುಚ್ಚಿಸಿ, ಎಲ್ಲ ಕೌಂಟರಿಗೂ ಕಂಪ್ಯೂಟರಿನಿಂದಲೇ ಒಂದೇ ಇಂಪಾದ ಸದ್ದು ಕೊಟ್ಟ. ಯಾರೂ ಕೇಳಿರಲಿಲ್ಲ. ಮ್ಯಾನೇಜರ್ ಮಾತ್ರ ಬೆನ್ನು ತಟ್ಟಿದರು.

ಆಮೇಲೆ ಅಕ್ಕನ ಕೌಂಟರಿನಿಂದ ಬಿಲ್ಲಾಗದ ಸಾಮಾನು ಹೊರಹೋಗತೊಡಗಿತು. ಬಾಗಿಲ ಕಾವಲಿನವನು ಗಿರಾಕಿಗಳ ಚೀಲದಲ್ಲಿ ಹಿಡಿದ. ಗಮನ ಎಲ್ಲಿಟ್ಟಿರುತ್ತೀರಿ ಎಂದು ಮ್ಯಾನೇಜರ್ ಎಲ್ಲರೆದುರು ಬೈದರು. ಮತ್ತೂ ಹಾಗೇ ಆದಾಗ ನಾಳೆಯಿಂದ ಬರಬೇಡಿ ಎಂದರು.

ಮನೆಯಲ್ಲಿ ತಮ್ಮ ಗೋಗರೆದ ಮೇಲೆ ಬಾಯಿಬಿಟ್ಟಳು. ವಾಸಿಯಾಗದ ಕಾಯಿಲೆಯಿಂದ ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಪರದೆಯ ಮೇಲಿನದು ಕಾಣುತ್ತಿರಲಿಲ್ಲ, ಮೊತ್ತವನ್ನು ಗಿರಾಕಿಗಳೇ ತಮ್ಮ ಕಡೆಯ ಪರದೆ ನೋಡಿ ಹೇಳುತ್ತಿದ್ದರು. ಪೊಟ್ಟಣವನ್ನು ಅಭ್ಯಾಸಬಲದಿಂದ ತಿರುಗಿಸಿ ಹಿಡಿಯುವಳು, ತನ್ನ ಸ್ಕ್ಯಾನರಿನ ಕೀರಲು ದನಿ ಕೇಳಿದರೆ ಬಿಲ್ಲಾಯಿತೆಂದು ಚೀಲಕ್ಕೆ ಹಾಕುವಳು. ಈಗ ಪಕ್ಕದ ಕೌಂಟರಿನ ಸದ್ದೂ ತನ್ನದೇ ಅನ್ನಿಸುತ್ತಿತ್ತು.

ಈಗಲೇ ಹೋಗಿ ಎಲ್ಲ ಹೇಳಿ, ಹಳೆಯ ಸದ್ದು ಹಾಕಿಕೊಡುತ್ತೇನೆಂದು ತಮ್ಮ ಎದ್ದ. ಅಕ್ಕ ಅಂಗಿ ಹಿಡಿದು ಕೂರಿಸಿದಳು.

“ಬೇಡ ಕಣೋ. ಗಮನ ಇಲ್ಲದವಳು ಅಂದ್ರೆ ಇನ್ನೊಂದು ಅಂಗಡೀಲಿ ಕೆಲಸ ಸಿಗುತ್ತೆ. ಕಣ್ಣಿಲ್ಲದವಳು ಅಂದ್ರೆ ಯಾರು ಸೇರಿಸ್ಕೋತಾರೆ?”

ಕಾರಣ ಹೇಳದೆ ಸದ್ದು ಬದಲಿಸಲು ಹೋದವನಿಗೆ, ಚೆನ್ನಾಗಿರುವುದನ್ನು ಕೆದಕಬೇಡಿ ಎಂದರು ಮ್ಯಾನೇಜರ್.

ಕೆಲಸ ಕೇಳಲು ಅಕ್ಕ ಹೊಸ ಅಂಗಡಿಯೊಂದಕ್ಕೆ ಹೊರಟಾಗ ತಮ್ಮನೂ ಜೊತೆಗೆ ಹೋದ. ಅಲ್ಲಿ ಎಲ್ಲವೂ ಒಂದೇ ಕಂಪನಿಯ ಹೊಚ್ಚಹೊಸ ಸ್ಕ್ಯಾನರುಗಳು. ಅಕ್ಕ ಒಳಗೆ ಕಾಲಿಟ್ಟು ಸ್ವಲ್ಪ ಹೊತ್ತು ಆಲಿಸುತ್ತ ನಿಂತಳು. ಎಲ್ಲ ಕಡೆಯಿಂದಲೂ ಒಂದೇ ದನಿ. ಒಂದೊಂದು ಕೌಂಟರೂ ಒಂದೊಂದು ಥರ ಅರಚುತ್ತಿದ್ದ ಆ ಹಳೆಯ ಅಂಗಡಿ ಬಿಟ್ಟರೆ ಅವಳಿಗೆ ಅನ್ನ ಕೊಡುವ ಜಾಗ ಇನ್ನೊಂದಿಲ್ಲವೆಂದು ಬಾಗಿಲಾಚೆ ನಿಂತಿದ್ದ ತಮ್ಮನಿಗೆ ಆಗ ಹೊಳೆದು, ಅಲ್ಲೇ ಅಳು ಬಂತು.

ಅಕ್ಕ ಯಾರನ್ನೂ ಏನನ್ನೂ ಕೇಳದೆ ಹೊರಗೆ ಬಂದಳು. “ಎಲ್ಲಿದೀಯೋ?” ಎಂದು ಕೈಚಾಚಿ ಅವನ ತೋಳು ಹಿಡಿದುಕೊಂಡಳು. ಬಯಲಲ್ಲಿ, ಜನರೆದುರು, ಅವಳು ಹಾಗೆ ಹಿಡಿದದ್ದು ಅದೇ ಮೊದಲು.