ಕುಕ್ಕುಚ್ಚ ಅಂದರೆ ಎಂತ?

ಕದ್ದವನಿಗೆ ಕದ್ದದ್ದನ್ನು ಒಮ್ಮೆ ಓದಿ ನೋಡುವಷ್ಟಾದರೂ ವ್ಯವಧಾನ ಬೇಡವೇ? ಚಿತ್ತರಂಜನ ಸರ್‌ಗೆ ಅದೂ ಇರಲಿಲ್ಲ.

ನಿರೀಕ್ಷಾ ಕಾಟಿಪಳ್ಳದಿಂದ ದಿನಾ ಎರಡು ಬಸ್ಸು ಹತ್ತಿ ಬಂದು, ಬೌದ್ಧ ಭಿಕ್ಷುಗಳ ನಿಯಮಗಳ ಮೇಲೆ ಸರ್ ಕೈಕೆಳಗೆ ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದಳು. ತಿದ್ದಲು ಕೊಟ್ಟ ಮೊದಲ ಅಧ್ಯಾಯ ಹೋದ ವರ್ಷ ಸರ್ ಹೆಸರಿನಲ್ಲಿ ಅಚ್ಚಾಯಿತು. ಕೇಳಿದ್ದಕ್ಕೆ, ಗೈಡಿಗೂ ಶಿಷ್ಯೆಗೂ ನನ್ನದು ನಿನ್ನದು ಅಂತ ಉಂಟಾ ಎಂದು ನಕ್ಕರು. ಅವಳ ಹೊಟ್ಟೆ ಉರಿದುಹೋಯಿತು. ಸೆಮಿನಾರ್ ಹತ್ತಿರ ಬರುತ್ತಲೇ ಎರಡನೆಯದನ್ನೂ ಕೇಳಿದರು. ಇದೂ ಹೋದರೆ ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಏನೂ ಉಳಿಯುತ್ತಿರಲಿಲ್ಲ.

ಬೀಡಿ ಕಟ್ಟುತ್ತಿದ್ದ ಅಮ್ಮ ಹೇಮಾಕ್ಷಿ ತಲೆ ಎತ್ತದೆ ಹೇಳಿದಳು, "ಕಳ್ಳನಿಗೆ ಒಳ್ಳೆಯದನ್ನೇ ಯಾಕೆ ಕೊಡ್ತೀ?"

ಮೊದಲ ವರ್ಷ ಪಾಲಿ ಕಲಿಯುವಾಗ ನಿರೀಕ್ಷಾ ಒಂದು ಪೆದ್ದುತನ ಮಾಡಿದ್ದಳು. 'ಭಿಕ್ಷುವಿಗೆ ಕುಕ್ಕುಚ್ಚ ಉಂಟಾಯಿತು' ಎಂಬ ಸಾಲಿನ ಕುಕ್ಕುಚ್ಚವನ್ನು ತುಳುವಿನ ಕುಕ್ಕು, ಅಂದರೆ ಮಾವಿನಕಾಯಿ ಎಂದುಕೊಂಡು, ಭಿಕ್ಷುವಿಗೆ ಮಾವಿನಕಾಯಿ ಸಿಕ್ಕಿತು ಎಂದು ಬರೆದಿದ್ದಳು. ಮರುದಿನ ನಿಘಂಟು ನೋಡಿ, ನಾಚಿ, ಹರಿದು ಹಾಕಿದ್ದಳು. ಈಗ ಅದನ್ನೇ ಹೊಸದಾಗಿ ಬರೆದು, ಪಾಲಿಯಲ್ಲಿ ತುಳುವಿನ ಬೇರು ಎಂದು ನಾಲ್ಕು ಪುಟ ಬೆಳೆಸಿ, ಅಧ್ಯಾಯದ ನಡುವೆ ಸೇರಿಸಿ ಕೊಟ್ಟಳು. ಸರಿಯಾದ ಪ್ರತಿಯನ್ನು, ಪುಣೆಯಲ್ಲಿ ಪಾಲಿ ಕಲಿಸುವ, ಸೆಮಿನಾರಿಗೆ ಬರಲಿದ್ದ ಬಜಪೆಯ ಡ್ಯಾಫ್ನಿ ಮೇಡಂಗೆ ಮೊದಲೇ ಕಳಿಸಿದ್ದಳು.

ಸೆಮಿನಾರಿನಲ್ಲಿ ಸರ್ ಕುಕ್ಕುವಿನಿಂದಲೇ ಶುರು ಮಾಡಿದರು. ಇದು ತನ್ನ ಸ್ವಂತ ಸಂಶೋಧನೆ ಎಂದು ಮೂರು ಸಲ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಿರೀಕ್ಷಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಆಹಾ, ಒಂದು ವರ್ಷದ ಉರಿ ತಣ್ಣಗಾಗತೊಡಗಿದ್ದು ಆಗಲೇ!

ಮುಂದಿನ ಸಾಲಿನಲ್ಲೇ ಆ ಭಿಕ್ಷು ಬುದ್ಧನ ಬಳಿ ಹೋಗಿ ತಪ್ಪೊಪ್ಪಿಕೊಳ್ಳುತ್ತಾನಲ್ಲ, ಮಾವಿನಕಾಯಿ ಸಿಕ್ಕಿದ್ದಕ್ಕೆ ಯಾಕೆ ಎಂದು ಡ್ಯಾಫ್ನಿ ಮೇಡಂ ಎದ್ದು ಕೇಳಿದರು. ಸರ್ ಹಾಳೆ ಮಗುಚಿದರು. ಮತ್ತೆ ಮಗುಚಿದರು. ಬೆವರು ಒರೆಸಿಕೊಂಡು, ಎದುರಿಗಿದ್ದ ಮೈಕನ್ನೂ ಮರೆತು, "ನಿರೀಕ್ಷಾ, ಎಂತ ಮಾರಾಯ್ತಿ ನೀನು ಬರೆದದ್ದು ಇದು?" ಎಂದುಬಿಟ್ಟರು.

ಸಭೆಗೆ ಸಭೆಯೇ ಅವಳ ಕಡೆ ತಿರುಗಿತು. ಅವಳು ನಿಧಾನವಾಗಿ ಎದ್ದಳು.

"ಕುಕ್ಕುಚ್ಚ ಅಂದ್ರೆ ಮಾಡಿದ ತಪ್ಪಿಗೆ ಮನಸ್ಸು ಚುಚ್ಚುವುದು ಸರ್," ಎಂದಳು. "ನಿಮಗೆ ಅದು ಗೊತ್ತಿರ್ಲಿಕ್ಕಿಲ್ಲ ಅಂತ ನನಗೆ ಗೊತ್ತಿತ್ತು."