ಇಪ್ಪತ್ತೆಂಟೋ ಮೂವತ್ತೈದೋ

ಬಾಗಲೂರಿನ ಟೌನ್ ಬಸ್ಸು ಎಡಗಡೆಯಿಂದ ಬಂತು, ಬಿಳಿ ಗೆರೆಯನ್ನು ಇನ್ನೂ ಮುಟ್ಟಿಲ್ಲ, ಮುಟ್ಟಿತು, ದಾಟಿತು, ಈಗ ಅದು ಚಿತ್ರ, ಒಂದು ಕ್ಷಣದ ಹಿಂದೆ ಬರೀ ಬಸ್ಸಾಗಿತ್ತು, ಬಲಗಡೆಯ ಗೆರೆ ದಾಟಿದರೆ ಮತ್ತೆ ಬರೀ ಬಸ್ಸು — ಶ್ರೀವತ್ಸನ ಕನ್ನಡಕ ಕ್ಯಾಮರಾದ ಪುಟ್ಟ ಕಿಟಕಿಗೆ ತಾಗಿ ಕಿರುಗುಟ್ಟಿತು, ಹುಷಾರು ಸಾ, ಗಾಜು ಗೀಚ್ಕೊಂಡಾತು ಎಂದು ಒಳಗಿನಿಂದ ಮುನಿಶಾಮಪ್ಪ, ಸ್ಟುಡಿಯೋದ ಮುದುಕ, ಕೌಂಟರಿನ ಹಿಂದೆ ಕೂತು ಇನ್ನೊಂದು ಲೆನ್ಸನ್ನು ಹಳದಿ ಬಟ್ಟೆಯಿಂದ ಒರೆಸುತ್ತಿದ್ದಾನೆ, ಒರೆಸಿದ್ದನ್ನೇ ಒರೆಸುತ್ತಿದ್ದಾನೆ, ಎಷ್ಟು ಹೊತ್ತಾಯಿತು ತಾನು ಈ ಬಾಗಿಲಲ್ಲಿ ನಿಂತು, ಹತ್ತು ನಿಮಿಷವೋ ಒಂದು ಗಂಟೆಯೋ, ಫ್ಯಾಕ್ಟರಿಗೆ ಅರ್ಧ ದಿನ ರಜ ಹಾಕಿದ್ದು ಇದಕ್ಕೇನಾ, ಡ್ರಾಯಿಂಗ್ ಆಫೀಸಿನಲ್ಲಿ ಒಂದು ಗೆರೆ ಎಳೆಯಲು ಇಷ್ಟು ಯೋಚಿಸಿದರೆ ಕೆಲಸದಿಂದ ತೆಗೆಯುತ್ತಾರೆ. ಎರಡು ಲೆನ್ಸು, ಇಪ್ಪತ್ತೆಂಟು ಮತ್ತು ಮೂವತ್ತೈದು ಮಿಲಿಮೀಟರಿನವು, ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ಕೈಯಲ್ಲಿರುವುದು ಒಂದಕ್ಕೆ ಸಾಲುವ ಹಣ, ಉಳಿದ ಲೆನ್ಸು ಮಧ್ಯಾಹ್ನದ ಬಸ್ಸಿಗೆ ಬೆಂಗಳೂರಿನ ದಲ್ಲಾಳಿಗೆ ವಾಪಸ್ಸು, ಆಮೇಲೆ ಬೇಕೆಂದರೆ ಸಿಕ್ಕುವುದಿಲ್ಲ ಸಾ, ಎಲ್ರೂ ಡಿಜಿಟಲ್ಲು ಡಿಜಿಟಲ್ಲು ಅಂತ ಓಡ್ತಾವ್ರೆ, ಇವೆಲ್ಲ ಇನ್ನೆರಡು ವರ್ಸಕ್ಕೆ ಗುಜ್ರಿ, ನೀವೊಬ್ರು ಹಿಂದ್ಕೆ ನಡೀತಾ ಇದ್ದೀರಿ. ಹಿಂದಕ್ಕೆ ನಡೆಯುತ್ತಿಲ್ಲ, ಕ್ಯಾಮರಾ ತಾನಾಗಿ ಬಂದದ್ದು, ಫ್ಯಾಕ್ಟರಿಯಲ್ಲಿ ಎರಡು ವರ್ಷವಿದ್ದು ಹೋದ ಜಪಾನಿನ ಇಂಜಿನಿಯರು ಹೊರಡುವ ದಿನ ಕೈಗಿಟ್ಟು ನಕ್ಕದ್ದು, ಅದರ ಜೊತೆಗಿದ್ದ ಐವತ್ತರ ಲೆನ್ಸಿಗೆ ಬೂಷ್ಟು ಹಿಡಿದು ಈಗ ಎಲ್ಲ ಚಿತ್ರವೂ ಹೊಗೆಯೊಳಗೆ ತೆಗೆದಂತೆ, ಹಾಗಾಗಿ ಒಂದು ಲೆನ್ಸು, ದಿನವೂ ಕ್ಯಾಮರಾದ ಮೇಲೇ ಇರುವಂಥದ್ದು, ಮನೆಗೂ ಬೀದಿಗೂ ಒಂದೇ, ಎಷ್ಟು ಸುಲಭದ ಮಾತು, ಒಂದೇ.

ಈ ಕ್ಯಾಮರಾದಲ್ಲಿ ಲೆನ್ಸಿನ ಮೂಲಕ ನೋಡುವುದಲ್ಲ, ಅದೇ ತೊಂದರೆ, ಅಥವಾ ಅದೇ ಚೆಂದ, ಲೆನ್ಸಿನ ಪಕ್ಕದಲ್ಲಿ ಬೇರೆ ಕಿಟಕಿ, ಯಾವ ಲೆನ್ಸು ಹಾಕಿದರೂ ಕಿಟಕಿ ಬದಲಾಗುವುದಿಲ್ಲ, ಒಳಗೆ ತೇಲುವ ಬಿಳಿ ಗೆರೆಗಳ ಚೌಕ ಮಾತ್ರ ಹೇಳುತ್ತದೆ ಇಲ್ಲಿಯವರೆಗೆ ಚಿತ್ರ ಎಂದು, ಗೆರೆಯ ಆಚೆಗಿನದೂ ಸ್ಪಷ್ಟವಾಗಿ ಕಾಣುತ್ತದೆ, ಬಣ್ಣ ಸಮೇತ, ನಗು ಸಮೇತ, ಆದರೆ ಫಿಲ್ಮಿಗೆ ಬೀಳುವುದಿಲ್ಲ. ಮೂವತ್ತೈದಕ್ಕೆ ಗೆರೆ ಇದೆ. ಇಪ್ಪತ್ತೆಂಟಕ್ಕೆ ಗೆರೆಯೇ ಇಲ್ಲ, ಕಿಟಕಿಯಲ್ಲಿ ಕಂಡದ್ದೆಲ್ಲ ಅದರದ್ದು, ಆದರೆ ಕನ್ನಡಕ ಹಾಕಿದವನಿಗೆ ಮೂಲೆಗಳು ಕಾಣುವುದಿಲ್ಲ, ಅಂದಾಜಿನ ಮೇಲೆ ಗುಂಡಿ ಒತ್ತಬೇಕು. ನಿಶ್ಚಿತಾರ್ಥದ ದಿನ ಅಮ್ಮ ಗೆರೆಯ ಆಚೆ ಇದ್ದಳು. ತಂಗಿ ಲಕ್ಷ್ಮೀಪ್ರಿಯಾ ನಡುವೆ, ಉದ್ದನಪಲ್ಲಿಯ ಸ್ಕೂಲಿನಲ್ಲಿ ಮಕ್ಕಳನ್ನು ಗದರಿಸುವ ಗಂಟಲು ಅಂದು ಎಲ್ಲಿಗೋ ಹೋಗಿತ್ತು, ತಲೆ ಬಗ್ಗಿಸಿ ಕೂತಿದ್ದಾಳೆ, ಅತ್ತ ಸೋದರಮಾವ, ಇತ್ತ ಮಾವನ ಹೆಂಡತಿ ಅತ್ತೆ, ಬೀಗರು, ಎಲ್ಲ ಗೆರೆಯೊಳಗೆ, ಅಮ್ಮ ಅಡುಗೆಮನೆ ಬಾಗಿಲ ಹತ್ತಿರ, ಎರಡೇ ಹೆಜ್ಜೆ ಆಚೆ, ಕಾಣುತ್ತಿದ್ದಾಳೆ ಮತ್ತು ಇಲ್ಲ. ಯಾರೂ ಹೇಳುವುದಿಲ್ಲ ಅವಳಿಗೆ ಸರಿದು ನಿಲ್ಲು ಎಂದು. ಅಪ್ಪ, ರಾಮಸ್ವಾಮಿಗಳು, ತೀರಿಕೊಂಡು ನಾಲ್ಕು ವರ್ಷ, ಅಂದಿನಿಂದ ಶುಭಕಾರ್ಯದ ಗ್ರೂಪ್ ಫೋಟೋ ಎಂದ ಕೂಡಲೇ ಅಮ್ಮ ಕಾಮಾಕ್ಷಮ್ಮನ ಕಾಲು ತಾನೇ ಪಕ್ಕಕ್ಕೆ ಸರಿಯುತ್ತದೆ, ಹೇಳಬೇಕಾದವರಿಗೆ ಹೇಳುವ ಕಷ್ಟ ಬರದ ಹಾಗೆ, ಬಿಡೋ, ನಾನ್ಯಾಕೆ ಅಲ್ಲಿ, ನನಗೆ ಇಲ್ಲಿಂದಲೇ ಚೆನ್ನಾಗಿ ಕಾಣ್ತದೆ. ಅವರವರ ಸಾಮಾನನ್ನು ಅವಳ ಕೈಗೆ ಕೊಟ್ಟು ಅವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಮೂರು ವರ್ಷದ ಹಿಂದೆ ಮಾವನ ಮಗನ ಮುಂಜಿ, ದೊಡ್ಡ ಗ್ರೂಪು, ಮೂವತ್ತು ಜನ, ಆಲ್ಬಮ್ಮಿನ ಮೊದಲ ಪುಟ, ಅದರಲ್ಲೂ ಅಮ್ಮ ಇಲ್ಲ, ಅಲ್ಲೇ ಇದ್ದಳು, ಸಾಲಿನ ಕೊನೆಗೆ ನಿಂತ ಶ್ರೀವತ್ಸನ ಭುಜದಿಂದ ಮೊಳ ದೂರದಲ್ಲಿ, ತಿರುಗಿದ್ದರೆ ಸೆರಗು ತಾಗುತ್ತಿತ್ತು, ಚಿತ್ರದಲ್ಲಿ ಮಾತ್ರ ಅವನ ಭುಜದ ಪಕ್ಕಕ್ಕೆ ಕಾಗದವೇ ಮುಗಿದಿದೆ, ಆವತ್ತೇ ಅಂದುಕೊಂಡಿದ್ದ, ಲೆನ್ಸು ಕಿರಿದಾಯಿತು, ಇನ್ನು ಸ್ವಲ್ಪ ಅಗಲವಿದ್ದಿದ್ದರೆ. ಮೂರು ವರ್ಷ ಅದನ್ನೇ ಅಂದುಕೊಂಡ. ಈಗ ಗುರುವಾರ ತಂಗಿಯ ಮದುವೆ, ಧಾರೆ ಎರೆಯುವವರು ಮಾವ ಮತ್ತು ಅತ್ತೆ, ಮಾವ ಗೊತ್ತುಮಾಡಿದ ಡಿಜಿಟಲ್ ಹುಡುಗರು ಆರುನೂರು ಫೋಟೋ ತೆಗೆಯುತ್ತಾರೆ, ಆರುನೂರರಲ್ಲೂ ಅಮ್ಮ ಎರಡು ಹೆಜ್ಜೆ ಆಚೆ, ತಾನು ತೆಗೆಯುವ ಒಂದರಲ್ಲಿ, ಒಂದೇ ಒಂದರಲ್ಲಿ ಅವಳು ಬೀಳಬೇಕು, ತಂಗಿಯ ಜೊತೆ, ಒಂದೇ ಕಾಗದದ ಮೇಲೆ, ಅವಳಿಗೆ ಗೊತ್ತಾಗದಿದ್ದರೂ ಸರಿ.

ಗೊತ್ತಾಗದಿದ್ದರೇ ಸರಿ. ಅದಕ್ಕೇ ಇಪ್ಪತ್ತೆಂಟು, ಕರೆಯಬೇಕಿಲ್ಲ, ಬಾ ಅನ್ನಬೇಕಿಲ್ಲ, ಅತ್ತೆಯ ಮುಖ ನೋಡಬೇಕಿಲ್ಲ, ಕ್ಯಾಮರಾ ವಧುವಿನ ಕಡೆಗೇ ಇರುತ್ತದೆ ಮತ್ತು ಅಂಚಿನಲ್ಲಿ ಅಮ್ಮ ತಾನಾಗಿ ಬಂದುಬಿಡುತ್ತಾಳೆ — ಒಳಗೆ ಹೋಗಿ ಕ್ಯಾಮರಾವನ್ನು ಕೌಂಟರಿನ ಮೇಲಿಟ್ಟ, ಅದನ್ನ ಹಾಕಿ ನೋಡೋಣ ಎಂದ, ಮುನಿಶಾಮಪ್ಪ ಮೂವತ್ತೈದನ್ನು ತಿರುಗಿಸಿ ಬಿಚ್ಚಿ ಇಪ್ಪತ್ತೆಂಟನ್ನು ಕೂರಿಸಿದ, ಕಟಕ್, ಇದು ಐದನೇ ಸಲ ಸಾ, ಹೆಣ್ಣು ನೋಡೋಕೆ ಹೋದ್ರೂ ಇಷ್ಟು ಸಲ ಒಳ್ಗೂ ಹೊರ್ಗೂ ಮಾಡ್ಸಲ್ಲ. ಕಿಟಕಿಯೊಳಗೆ ಮತ್ತೆ ಅದೇ ಬೀದಿ, ಅದೇ ಹೂವಿನ ಲಾರಿ, ಅದೇ ತಮಿಳು ಬೋರ್ಡು, ಏನೂ ಬದಲಾಗಿಲ್ಲ, ಬದಲಾದದ್ದು ಒಳಗೆಲ್ಲೋ, ಅವನಿಗೆ ಕಾಣದ ಕಡೆ. ನನ್ ಕೇಳಿದ್ರೆ ಅದು ಬ್ಯಾಡ, ಅಂಚ್ನಾಗೆ ನಿಂತೋರ ಮಕ ಬಿಸಿ ಮುದ್ದೆ ಎಳ್ದಂಗೆ ಆಯ್ತದೆ, ಆಮ್ಯಾಕೆ ಅವ್ರು ಬಂದು ನನ್ನ ಬೈತಾರೆ, ಮೂವತ್ತೈದು ತಕ್ಕೊಳ್ಳಿ, ಕಲ್ಯಾಣಕ್ಕೂ ಸೈ ಕರುಮಾದಿ ತಿಥಿಗೂ ಸೈ ಎಂದ ಮುನಿಶಾಮಪ್ಪ. ಮುಖ ಎಳೆದುಕೊಂಡ ಅಮ್ಮ, ಕೆನ್ನೆ ಒಂದು ಕಡೆಗೆ ಜಗ್ಗಿ, ಇದ್ದೂ ಅವಳಲ್ಲದ ಹಾಗೆ, ಅದಕ್ಕಿಂತ ಇಲ್ಲದಿರುವುದೇ ಮೇಲೋ, ಇಲ್ಲ, ಎಳೆದ ಮುಖವಾದರೂ ಮುಖ, ಮೂವತ್ತೈದಾದರೆ ಇನ್ನೂ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಬೇಕು, ಛತ್ರದಲ್ಲಿ ಹಿಂದಕ್ಕೆ ಹೋದರೆ ಬೆನ್ನಿಗೆ ಊಟದ ಸಾಲು, ಮುಂದೆ ಜನ ನುಗ್ಗುತ್ತಾರೆ, ಹಾಗಾದರೆ ಇಪ್ಪತ್ತೆಂಟು, ಆದರೆ ಮೂಲೆಯೇ ಕಾಣದ ಕಣ್ಣಿಗೆ ಮೂಲೆಯಲ್ಲಿರುವವಳು ಬಿದ್ದಳೋ ಇಲ್ಲವೋ ತಿಳಿಯುವುದು ಫಿಲ್ಮು ತೊಳೆದ ಮೇಲೆ, ಅಷ್ಟರಲ್ಲಿ ತಂಗಿ ಗಂಡನ ಮನೆಯಲ್ಲಿರುತ್ತಾಳೆ. ತಲೆಯೊಳಗೆ ಎರಡೂ ಲೆನ್ಸು ಒಟ್ಟಿಗೇ ತಿರುಗುತ್ತಿವೆ. ಆ ಮುಂಜಿ ಫೋಟೋ ನೀವೇ ತೆಗೆದಿದ್ದಲ್ವಾ, ಮಾವನ ಮಗಂದು, ಅದು ಯಾವ ಲೆನ್ಸು, ನಮ್ಮಮ್ಮ ಬೀಳಲೇ ಇಲ್ಲವಲ್ಲ ಅದರಲ್ಲಿ, ಎಂದು ಕೇಳಿಬಿಟ್ಟ, ಕೇಳಬೇಕೆಂದಿರಲಿಲ್ಲ, ಬಾಯಿ ಕೇಳಿತು. ಮುನಿಶಾಮಪ್ಪನ ಹಳದಿ ಬಟ್ಟೆ ನಿಂತಿತು. ಬಿದ್ದಿದ್ರಲ್ಲ ಸಾ.

ಬಿದ್ದಿದ್ರು. ಅದೂ ಇಪ್ಪತ್ತೆಂಟೇ, ಎಲ್ರೂ ಬಿದ್ದಿದ್ರು, ಬಾಗ್ಲು ತೋರಣ ಸಮೇತ. ಕುಯ್ದಿದ್ದು ನಾನು. ಮಾವ ಹೇಳಿದ್ರಾ ಎಂದ ಶ್ರೀವತ್ಸ, ಅತ್ತೆನಾ, ಅತ್ತೆಯೇ ಇರಬೇಕು. ಯಾರೂ ಇಲ್ಲ ಸಾ, ನಿಮ್ಮಮ್ಮೋರೇ. ಆಲ್ಬಮ್ ಕೊಡೋ ಹಿಂದಿನ ದಿನ ತರಕಾರಿ ಚೀಲ ಹಿಡ್ಕೊಂಡು ಒಬ್ರೇ ಬಂದ್ರು, ತೋರ್ಸಪ್ಪ ಅಂದ್ರು, ತೋರಿಸ್ದೆ, ಮಗು ಮುಂಜಿ ಫೋಟೋ, ಮೊದಲ್ನೇ ಪುಟ, ಅದರಾಗೆ ನಾನ್ಯಾಕೆ, ಅಂಚಿನಾಗೇ ಇದ್ದೀನಲ್ಲ, ತೆಗೆದ್ಬುಡು, ಯಾರಿಗೂ ಗೊತ್ತಾಗಕಿಲ್ಲ ಅಂದ್ರು. ನಾನು ಬ್ಯಾಡ ತಾಯಿ ಅಂದೆ. ಕೇಳ್ಲಿಲ್ಲ. ಸ್ಕೇಲ್ ಇಟ್ಟು ಬ್ಲೇಡ್ ಎಳ್ದೆ. ಅಂಚಿನಾಗಿದ್ರೆ ಕುಯ್ಯೋದು ಸಲೀಸು ನೋಡಿ, ನಡುವ್ನಾಗಿದ್ರೆ ಯಾರು ಕುಯ್ತಾರೆ. ಹೇಳ್ಬ್ಯಾಡ ಅಂದಿದ್ರು, ಮೂರು ವರ್ಸ ಹೇಳ್ಲಿಲ್ಲ, ಈವತ್ತು ಬಾಯಿಗೆ ಬಂದ್ಬುಡ್ತು. ಹಾಗಾದರೆ ಲೆನ್ಸು ಕಿರಿದಾಗಿರಲಿಲ್ಲ, ಮೂರು ವರ್ಷ ಒಂದು ಲೆನ್ಸಿನ ಮೇಲೆ ಹೊರಿಸಿದ್ದ ತಪ್ಪು ಈಗ ಎಲ್ಲಿ ಹೋಗಿ ನಿಲ್ಲಬೇಕು, ಅಮ್ಮನ ಮೇಲೋ, ಅವಳ ಭುಜದಿಂದ ಮೊಳ ದೂರದಲ್ಲಿ ನಿಂತು ಒಮ್ಮೆಯೂ ತಿರುಗದ ತನ್ನ ಮೇಲೋ. ಮುನಿಶಾಮಪ್ಪ ಇನ್ನೂ ಹೇಳುತ್ತಿದ್ದಾನೆ, ಬಾಗಿಲ ತಂಕ ಹೋದೋರು ತಿರುಗಿ ಬಂದ್ರು ಸಾ, ಆ ಚೂರು ಎಲ್ಲಿ ಅಂದ್ರು, ಕಸದ ಬುಟ್ಟೀಲಿತ್ತು, ಎತ್ತಿ ಕೊಟ್ಟೆ, ಸೆರಗ್ನಾಗೆ ಒರೆಸ್ಕೊಂಡು ಪರ್ಸ್ನಾಗೆ ಇಟ್ಕೊಂಡ್ರು, ಎಲ್ಡು ಬೆರಳಗಲ ಅಷ್ಟೇಯ. ಹೇಗಿದ್ದಳು ಅದರಲ್ಲಿ, ಎಂದ. ಹೆಂಗಿರ್ತಾರೆ, ಒಂದು ವ್ಯಾನಿಟಿ ಬ್ಯಾಗು ತಗಲಾಕ್ಕೊಂಡಿದ್ರು ಕೈಗೆ, ಯಾರ್ದೋ. ಕ್ಯಾಮರಾ ನೋಡ್ತಿದ್ದಳಾ. ಇಲ್ಲ ಸಾ, ಎಲ್ರೂ ಕ್ಯಾಮರಾ ನೋಡ್ತಾವ್ರೆ, ಅವ್ರು ನಿಮ್ ಕಡೀಕೆ ನೋಡ್ತಾವ್ರೆ, ಬಸ್ಸಿಗೆ ಹೊತ್ತಾಯ್ತು, ಯಾವ್ದು ಕಟ್ಲಿ ಹೇಳಿ ಸೀಕ್ರಂ.

ಯಾವುದು. ಇಪ್ಪತ್ತೆಂಟಾದರೆ ಅವಳು ಬೀಳುತ್ತಾಳೆ, ಅಂಚಿನಲ್ಲಿ, ಒಂದು ಬ್ಲೇಡಿನಷ್ಟು ದೂರದಲ್ಲಿ, ಮತ್ತೆ ತರಕಾರಿ ಚೀಲ ಹಿಡಿದು ಬರುತ್ತಾಳೆ, ಅಥವಾ ಈ ಸಲ ಅವನ ಹತ್ತಿರವೇ ಬಂದು ತೆಗೆದುಬಿಡೋ ಎನ್ನುತ್ತಾಳೆ, ಮೂವತ್ತೈದಾದರೆ ಬೀಳುವುದೇ ಇಲ್ಲ, ಬೀಳಬೇಕಾದರೆ ಅವನು ಎಲ್ಲರ ಮುಂದೆ, ಬೀಗರ ಮುಂದೆ, ಪುರೋಹಿತರ ಮುಂದೆ, ಅಮ್ಮಾ ಬಾ, ಪ್ರಿಯಾಳ ಪಕ್ಕ ನಿಂತುಕೋ, ಅಂಚಿನಲ್ಲಲ್ಲ, ನಡುವೆ, ಎಂದು ಬಾಯಿಬಿಟ್ಟು ಕರೆಯಬೇಕು, ಕರೆದರೆ ಬರುತ್ತಾಳೋ, ಬಾರದೆ ಅಡುಗೆಮನೆಗೇ ಹೋಗಿಬಿಡುತ್ತಾಳೋ, ತಾನು ಕರೆಯುತ್ತೇನೋ, ಅದಕ್ಕೆ ಯಾವ ಲೆನ್ಸೂ — ಮೂವತ್ತೈದು ಎಂದು ಕೇಳಿಸಿತು, ಅವನೇ ಹೇಳಿದ್ದು, ಮುನಿಶಾಮಪ್ಪ ತಲೆಯಾಡಿಸಿ ಇಪ್ಪತ್ತೆಂಟನ್ನು ಬಿಚ್ಚುತ್ತಿದ್ದಾನೆ, ದಲ್ಲಾಳಿಯ ಡಬ್ಬಿಗೆ ಹಾಕಿ ಸೆಣಬಿನ ದಾರ ಸುತ್ತುತ್ತಿದ್ದಾನೆ, ಒಳ್ಳೇದು ಮಾಡುದ್ರಿ ಸಾ, ಆದರೆ ಹೇಳಿದ್ದು ಕರೆಯುವ ಧೈರ್ಯದಿಂದಲೋ, ಕರೆಯದಿದ್ದರೂ ತಪ್ಪನ್ನು ಗೆರೆಯ ಮೇಲೆ ಹೊರಿಸಬಹುದೆಂಬ ಅಳುಕಿನಿಂದಲೋ, ದಾರ ಇನ್ನೊಂದು ಸುತ್ತು, ಕೇಳಿದರೆ ಇನ್ನೂ ಬಿಚ್ಚಿಸಬಹುದು, ಬಿಚ್ಚಿಸಬೇಕೇ, ಯೋಚನೆ ಮುಂದಕ್ಕೆ ಹೋಗುತ್ತಿಲ್ಲ, ಗುರುವಾರಕ್ಕೆ ಹೋಗುತ್ತಿಲ್ಲ, ಛತ್ರಕ್ಕೆ ಹೋಗುತ್ತಿಲ್ಲ, ಆ ಪರ್ಸಿನ ಹತ್ತಿರ ನಿಂತುಬಿಟ್ಟಿದೆ, ಎರಡು ಬೆರಳಗಲದ ಕಾಗದ, ಅದರೊಳಗೆ ಅಮ್ಮ, ಕೈಯಲ್ಲಿ ಅತ್ತೆಯ ವ್ಯಾನಿಟಿ ಬ್ಯಾಗು, ಮುಖ ಪಕ್ಕಕ್ಕೆ ತಿರುಗಿದೆ, ಅವಳು ನೋಡುತ್ತಿದ್ದವರು ಯಾರೂ ಈಗ ಅಲ್ಲಿಲ್ಲ, ತಂಗಿ ಇಲ್ಲ, ಅವನಿಲ್ಲ, ಕಾಗದ ಅಲ್ಲಿಗೇ ಮುಗಿದಿದೆ, ಎರಡು ಬೆರಳಗಲ, ಅಮ್ಮ ನೋಡುತ್ತಲೇ ಇದ್ದಾಳೆ, ಬ್ಲೇಡು ಹೋದ ಅಂಚನ್ನು.