ಚಿಲಕವಿಲ್ಲದ ಬಾಗಿಲು

ಹುಟ್ಟಿದಾಗ ದುಂಡಗಿದ್ದಳೆಂದು ಅಮ್ಮ ಅವಳನ್ನು ಗುಂಡು ಎಂದು ಕರೆದಿದ್ದಳು. ಮುಂದೆ ಅವಳು ಆರಿಸಿಕೊಂಡದ್ದೂ ಗುಂಡು ಎಸೆತವನ್ನೇ. “ಹೆಸರಿಟ್ಟಿದ್ದೂ ನಾನೇ, ಅನುಭವಿಸ್ತಿರೋದೂ ನಾನೇ” ಎಂದು ಮಗಳ ಮಣ್ಣು ಮೆತ್ತಿದ ಪ್ಯಾಂಟು ಉಜ್ಜುವಾಗ ಅಮ್ಮ ಗೊಣಗುತ್ತಿದ್ದಳು. ಅವಳಿಗೆ ಹಗಲೆಲ್ಲ ಬಟ್ಟೆಯದೇ ಕೆಲಸ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಸಿಯಾರದ ಬೆಡ್‌ಶೀಟುಗಳನ್ನು ಮಡಚಿ ಮಡಚಿ ಬೆರಳ ತುದಿಗಳು ನುಣ್ಣಗಾಗಿಬಿಟ್ಟಿದ್ದವು. ಅಪ್ಪ ಲಾರಿ ಓಡಿಸುವವನು. ಮನೆಗೆ ಬಂದರೆ ನೆಂಟನ ಹಾಗೆ ಇದ್ದು ಹೋಗುತ್ತಿದ್ದ.

ಊರಿನ ಮೈದಾನದ ಮೂಲೆಯಲ್ಲಿ ಎಸೆತದವರಿಗೆಂದು ಒಂದು ಸಿಮೆಂಟಿನ ವೃತ್ತವಿತ್ತು. ಮೊದಮೊದಲು ಅಲ್ಲಿ ನಾಲ್ಕು ಹುಡುಗಿಯರಿದ್ದರು. ಒಬ್ಬಳನ್ನು ಮನೆಯವರು ಟ್ಯೂಷನ್ನಿಗೆ ಹಾಕಿದರು. ಇನ್ನೊಬ್ಬಳ ಅಜ್ಜಿಗೆ ಮೊಮ್ಮಗಳು ಬಿಸಿಲಲ್ಲಿ ಕಪ್ಪಾಗುತ್ತಾಳೆಂಬ ಚಿಂತೆ. ಕೊನೆಗೆ ಉಳಿದವರು ಗುಂಡು ಮತ್ತು ಅವಳ ಜೀವದ ಗೆಳತಿ. ಗೆಳತಿ ಡಿಸ್ಕಸ್ ಎಸೆಯುವವಳು, ಬಡಕಲು ಮೈಯವಳಾದ್ದರಿಂದ ಎಲ್ಲರ ಬಾಯಲ್ಲೂ ಕಡ್ಡಿ. ಒಂದು ದಿನ ಕಡ್ಡಿಯೂ ಬರಲಿಲ್ಲ. ಮರುದಿನವೂ ಇಲ್ಲ. ಶಾಲೆಯಲ್ಲಿ ಕೇಳಿದರೆ “ಸುಮ್ನೆ ಕಣೆ, ಬೇಜಾರಾಯ್ತು” ಅಂದಳು. ಅಷ್ಟೇ.

“ಒಬ್ಬಳೇ ಆದ್ರೆ ಏನಾಯ್ತಮ್ಮ? ಗುಂಡು ಎಸೆಯೋದು ಒಬ್ಬರೇ ತಾನೆ” ಎಂದರು ಕೋಚ್ ಸರ್. ಒಳ್ಳೆಯ ಮನುಷ್ಯ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಎಸೆದ ಗುಂಡನ್ನು ಹಿಂದೆಲ್ಲ ಕಡ್ಡಿ ಕಾಲಿನಿಂದ ಉರುಳಿಸಿ ಕಳಿಸುತ್ತಿದ್ದಳು. ಈಗ ಗುಂಡುವೇ ನಡೆದುಹೋಗಿ, ಬಗ್ಗಿ, ಎತ್ತಿಕೊಂಡು ಬರಬೇಕು. ಆ ಕಡೆ ಹುಡುಗರ ಗುಂಪು. ಅವಳ ಗುಂಡು ನೆಲಕ್ಕೆ ಬಿದ್ದಾಗ ಯಾರಾದರೊಬ್ಬ “ಭೂಕಂಪ, ಭೂಕಂಪ” ಅನ್ನುತ್ತಿದ್ದ. ಅವಳೂ ನಕ್ಕುಬಿಡುತ್ತಿದ್ದಳು. ಮನೆ ದಾರಿಯಲ್ಲಿ ಒಬ್ಬಳೇ ಬರುವಾಗ ಆ ನಗು ಯಾಕೋ ಚುಚ್ಚುತ್ತಿತ್ತು.

ಇದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಇನ್ನೊಂದಿತ್ತು. ಮೈದಾನದ ಮೆಟ್ಟಿಲುಗಳ ಹಿಂದಿದ್ದ ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಎಂದೋ ಮುರಿದುಹೋಗಿತ್ತು. ಜೊತೆಗಾತಿಯರಿದ್ದಾಗ ಅದೊಂದು ಸಮಸ್ಯೆ ಅಂತಲೇ ಅನ್ನಿಸಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬೇಗ ಬಾರೇ ಎಂದು ರೇಗಿಸುತ್ತಿದ್ದಳು. ಈಗ ಹೊರಗೆ ನಿಲ್ಲುವವರು ಯಾರು? ಗುಂಡು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಳು. ತಿಂಗಳ ಆ ದಿನಗಳಲ್ಲಿ ಹೊಟ್ಟೆನೋವೆಂದು ಹೇಳಿ ಹೋಗುತ್ತಲೇ ಇರಲಿಲ್ಲ. “ಶಿಸ್ತು ಮುಖ್ಯ ಕಣಮ್ಮ” ಎಂದು ಕೋಚ್ ಸರ್ ಬುದ್ಧಿ ಹೇಳಿದರೆ ತಲೆ ಬಗ್ಗಿಸಿ ಕೇಳಿಸಿಕೊಂಡಳು.

ಒಂದು ಸಂಜೆ ತಡೆಯಲಾಗದೆ ಹೋದಳು. ಕಾಲು ಚಾಚಿ ಬಾಗಿಲನ್ನು ಒತ್ತಿ ಹಿಡಿದಿದ್ದಾಗ ಹೊರಗಿನಿಂದ ಯಾರೋ ದೂಡಿದರು. ಅವಳು ಮೈಯ ಬಲವೆಲ್ಲ ಕಾಲಿಗೆ ತಂದು ಒದ್ದಳು. “ಅಯ್ಯೋ, ಸಾರಿ” ಎಂಬ ಹುಡುಗನ ದನಿ ಕೇಳಿಸಿತು, ಓಡುವ ಸದ್ದು ಕೇಳಿಸಿತು, ಆಮೇಲೆ ದೂರದಲ್ಲಿ ನಾಲ್ಕಾರು ಜನರ ನಗು. ಅವನು ಬೇಕೆಂದೇ ಮಾಡಿದ್ದನೋ ಗೊತ್ತಾಗದೆ ಮಾಡಿದ್ದನೋ, ಅವರು ನಕ್ಕಿದ್ದು ಇದಕ್ಕೋ ಬೇರೆ ಯಾವುದಕ್ಕೋ, ಅವಳಿಗೆ ತಿಳಿಯಲಿಲ್ಲ. ಚೀಲ ಹೆಗಲಿಗೇರಿಸಿ ಮನೆಗೆ ಬಂದಳು. ಭುಜ ನೋವು, ಇನ್ನು ಹೋಗಲ್ಲ ಎಂದಳು.

“ಒಳ್ಳೇದಾಯ್ತು ಬಿಡು. ಈಗಾಗ್ಲೇ ಯಾವ ಅಂಗೀನೂ ತೋಳಿಗೆ ಹತ್ತಲ್ಲ” ಎಂದಳು ಅಮ್ಮ.

ಆಮೇಲಿನ ಸಂಜೆಗಳು ಉದ್ದವಾದವು. ಅಮ್ಮ ಬರುವತನಕ ಗುಂಡು ಕಿಟಕಿಯ ಹತ್ತಿರ ಪುಸ್ತಕ ಬಿಡಿಸಿಕೊಂಡು ಕೂತಿರುತ್ತಿದ್ದಳು. ಎದುರು ಮನೆಯ ಗೋಡೆಯ ಮೇಲೆ ಬಿಸಿಲು ಕೆಳಗಿನಿಂದ ಮೇಲಕ್ಕೆ ಸರಿಯುತ್ತಿತ್ತು. ಅದು ನೀರಿನ ಟ್ಯಾಂಕು ಮುಟ್ಟುವ ಹೊತ್ತಿಗೆ ಮೈದಾನದಲ್ಲಿ ಸರ್ ಸೀಟಿ ಊದುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಒಂದು ದಿನ ಅಮ್ಮ ಬೇಗ ಬಂದಳು. ಬಾಗಿಲು ತೆರೆದರೆ ಮಗಳು ಸಂತೆಯಿಂದ ತಂದಿದ್ದ ಕುಂಬಳಕಾಯಿಯನ್ನು ಗುಂಡಿನ ಹಾಗೆ ಕುತ್ತಿಗೆಗೆ ಒತ್ತಿ ಹಿಡಿದು, ಮಂಡಿ ಬಗ್ಗಿಸಿ, ನಡುಮನೆಯಲ್ಲಿ ಹಿಮ್ಮುಖವಾಗಿ ಜಾರುತ್ತಿದ್ದಳು.

“ಅದನ್ನೇನಾದ್ರೂ ಎಸೆದ್ಯೋ, ನೆಲ ನೀನೇ ಒರೆಸ್ಬೇಕು” ಎಂದಳು ಅಮ್ಮ. ಆಮೇಲೆ ಚಪ್ಪಲಿ ಬಿಡುತ್ತ, “ಭುಜ ನೋವು ಅಂದಿದ್ದೆ?”

ಗುಂಡು ಕುಂಬಳಕಾಯಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಎಲ್ಲ ಹೇಳಿದಳು. ನೀರಿನ ವಿಷಯ, ಬಾಗಿಲ ವಿಷಯ, ನಗುವಿನ ವಿಷಯ.

“ನನಗಾದ್ರೂ ಹೇಳೋದಲ್ವೇನೇ?”

“ಹೇಳಿದ್ರೆ ಬಿಟ್ಟುಬಿಡು ಅಂತಿದ್ದೆ.”

ಅಮ್ಮ ಹಾಗೇ ಅನ್ನುತ್ತಿದ್ದಳು, ಅದು ಅವಳಿಗೂ ಗೊತ್ತಿತ್ತು.

ಮರುದಿನ ಜೊತೆಯವಳನ್ನು ಕಾಡಿಬೇಡಿ ಪಾಳಿ ಬದಲಾಯಿಸಿಕೊಂಡು, ಮಗಳನ್ನು ಕರೆದುಕೊಂಡು ಮೈದಾನಕ್ಕೆ ಬಂದಳು. ಕೋಚ್ ಸರ್ ಕೇಳಿ ಪೆಚ್ಚಾದರು. “ಒಂದು ಮಾತು ಹೇಳಿದ್ರೆ ಅವತ್ತೇ ಹಾಕಿಸ್ತಿದ್ನಲ್ಲಮ್ಮ.”

“ಹುಡುಗಿ ನಿಮ್ಮ ಹತ್ರ ಬಂದು ಅದನ್ನ ಹೇಗೆ ಹೇಳ್ತಾಳೆ ಸರ್? ನೀವೇ ಒಂದು ಸಲ ಆ ಬಾಗಿಲ ಕಡೆ ನೋಡಿದ್ರೆ ಸಾಕಿತ್ತು.”

ಸರ್ ಎರಡು ದಿನದಲ್ಲಿ ತಾವೇ ಚಿಲಕ ತಂದು ಜಡಿದರು. ಸೊಟ್ಟಗೆ ಕೂತಿತ್ತು, ಬಾಗಿಲನ್ನು ತುಸು ಎತ್ತಿ ಹಿಡಿದರೆ ಮಾತ್ರ ಬೀಳುತ್ತಿತ್ತು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಏನೋ ಹೇಳಿದರು. ಏನೆಂದು ಗುಂಡುವಿಗೆ ಕೇಳಿಸಲಿಲ್ಲ, ಆದರೆ ಭೂಕಂಪದ ಮಾತು ನಿಂತುಹೋಯಿತು. ಅದರ ಜೊತೆಗೆ ಬೇರೆ ಮಾತೂ ನಿಂತಿತು. ಈಗ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಆ ಭಾನುವಾರ ಅವಳು ಕಡ್ಡಿಯ ಮನೆಗೆ ಹೋದಳು.

“ಚಿಲಕ ಹಾಕಿದ್ದಾರೆ. ಬಾರೇ” ಎಂದಳು.

ಕಡ್ಡಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. “ನೀನು ಜ್ವರ ಅಂತ ರಜ ಹಾಕಿದ್ದೆ ನೋಡು, ಅವತ್ತು ನಾನು ಒಳಗಿದ್ದಾಗ ಯಾರೋ ಬಾಗಿಲು ದೂಡಿದ್ರು. ಅದಕ್ಕೇ ಬಿಟ್ಟೆ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನೂ ಬಿಡ್ತಿದ್ದೆ. ಈಗ ಮನಸ್ಸಿಲ್ಲ ಕಣೆ. ಡ್ರಾಯಿಂಗ್ ಕ್ಲಾಸಿಗೆ ಸೇರಿದ್ದೀನಿ. ಅಲ್ಲಿ ತುಂಬ ಜನ ಹುಡುಗೀರಿದ್ದಾರೆ.”

ಗುಂಡುವಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕಡ್ಡಿ ಬರೆದ ಚಿತ್ರಗಳನ್ನು ನೋಡಿ, ಚೆನ್ನಾಗಿವೆ ಎಂದು ಹೇಳಿ ಹೊರಟಳು. ನಿಜಕ್ಕೂ ಚೆನ್ನಾಗಿದ್ದವು.

ಅಮ್ಮ ಬೆಳಗಿನ ಪಾಳಿ ಸಿಕ್ಕಾಗೆಲ್ಲ ಮೈದಾನಕ್ಕೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಆಟ ಅವಳಿಗೆ ಅರ್ಥವಾಗುತ್ತಿರಲಿಲ್ಲ; ಕೆಟ್ಟದಾಗಿ ಬಿದ್ದ ಎಸೆತಕ್ಕೂ ತಲೆಯಾಡಿಸುತ್ತಿದ್ದಳು. ಅವಳಿಲ್ಲದ ದಿನಗಳಲ್ಲಿ ಮೆಟ್ಟಿಲು ಮೊದಲಿಗಿಂತ ಹೆಚ್ಚು ಖಾಲಿಯಾಗಿ ಕಾಣುತ್ತಿತ್ತು.

ಶಾಲಾ ಕ್ರೀಡಾಕೂಟ ಬೇರೆ ಊರಿನಲ್ಲಿತ್ತು. ಅಮ್ಮನಿಗೆ ರಜ ಸಿಗಲಿಲ್ಲ. ಬಸ್ಸಿನಲ್ಲಿ ಹುಡುಗರು ಹಿಂದೆ ಹಾಡುತ್ತ ಕೂತರು, ಗುಂಡು ಮುಂದೆ ಕಿಟಕಿ ಹಿಡಿದು ಕೂತಳು. ಮೊದಲ ಎಸೆತದಲ್ಲಿ ವೃತ್ತದಾಚೆ ಕಾಲಿಟ್ಟು ಫೌಲ್ ಆಯಿತು. ಎರಡನೆಯದು ಅವಳು ಈವರೆಗೆ ಎಸೆದದ್ದರಲ್ಲೇ ದೂರ ಹೋಯಿತು. ಆದರೂ ಪದಕಕ್ಕೆ ಸಾಲದು. ಸರ್ ದೂರದಿಂದಲೇ ಎರಡೂ ಕೈ ಮೇಲೆತ್ತಿದರು. ಅವಳು ತಿರುಗಿ ಕೈಯೆತ್ತಿದಳು. ತಬ್ಬಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿ ಕೂದಲು ಗಿಡ್ಡ ಕತ್ತರಿಸಿದ್ದ ಹುಡುಗಿಯೊಬ್ಬಳು ಚೀಲ ತಬ್ಬಿಕೊಂಡು ಕೂತಿದ್ದಳು. ಎಸೆತದಲ್ಲಿ ಕಡೆಯವಳಾಗಿ ಬಂದಿದ್ದಳು.

“ನಿನ್ನ ಎರಡನೇದು ಸಕ್ಕತ್ತಾಗಿತ್ತು” ಎಂದಳು ಆ ಹುಡುಗಿ. “ನಿಮ್ಮೂರಿಂದ ಎಷ್ಟು ಜನ ಎಸೆಯೋರು?”

“ಹುಡುಗೀರಾ? ನಾನೊಬ್ಬಳೇ.”

“ನಮ್ಮಲ್ಲೂ ನಾನೊಬ್ಬಳೇ.”

ಇಬ್ಬರೂ ನಕ್ಕರು. ಅಂಥ ನಗುವಿನ ವಿಷಯವೇನೂ ಆಗಿರಲಿಲ್ಲ. ಆ ಹುಡುಗಿ ಬೆಂಚಿನ ಮೇಲೆ ಸರಿದು ಹತ್ತಿರ ಬಂದಳು. ಬಸ್ಸುಗಳು ಹೊರಡುವತನಕ ಕಾಲು ಹೇಗೆ ತಿರುಗಿಸಬೇಕು, ಅಂಗೈಗೆ ಯಾವ ಪುಡಿ ಹಚ್ಚಬೇಕು ಎಂದು ಮಾತಾಡಿದರು.

“ಮುಂದಿನ ವರ್ಷ ಬರ್ತೀಯಾ?” ಹುಡುಗಿ ಕೇಳಿದಳು.

ಒಂದು ವರ್ಷದ ಸಂಜೆಗಳೆಲ್ಲ ಒಮ್ಮೆ ಗುಂಡುವಿನ ಕಣ್ಣ ಮುಂದೆ ಬಂದವು. “ಬರ್ತೀನಿ” ಎಂದಳು. “ನೀನು?”

“ನೀನು ಬರೋದಾದ್ರೆ ಬರ್ತೀನಿ.”

ಅಲ್ಲಿಗೆ ಅವರವರ ಬಸ್ಸು ಹತ್ತಿದರು.

ಸೋಮವಾರ ಮೈದಾನದಲ್ಲಿ ಎಂದಿನಂತೆ ಹುಡುಗರು ಆ ಕಡೆ, ಅವಳು ಈ ಕಡೆ. ಅಮ್ಮನಿಗೆ ಸಂಜೆಯ ಪಾಳಿ. ಗುಂಡು ವೃತ್ತಕ್ಕೆ ಹೋಗುವ ಮೊದಲು ನಲ್ಲಿಗೆ ಬಾಯಿಟ್ಟು ಹೊಟ್ಟೆ ತುಂಬ ನೀರು ಕುಡಿದಳು. ಆಮೇಲೆ ಅಂಗೈ ಒರೆಸಿಕೊಂಡು ಗುಂಡನ್ನೆತ್ತಿ ಕತ್ತಿನ ಬಳಿ ಇಟ್ಟುಕೊಂಡಳು. ತಣ್ಣಗಿತ್ತು.